ಅಪ್ಪನ ಅಚ್ಚುಮೊಳೆ, ನನ್ನ ಕೀಲಿಮಣೆ, ಅವ್ವನ ಹಾಡಿನ ಫೈಲು

ಬೆಟಗೇರಿಯ ಮಗಳು
ಶನಿವಾರ, ರಾತ್ರಿ 9.40

ಎಲ್ಲರಿಗೂ ಶರಣು. ಬರಹ ಸ್ವಲ್ಪ ಉದ್ದವಾಗಿದೆ, ಪುರುಸೊತ್ತಿನಲ್ಲಿ ಓದಿ.

1997ರಿಂದ ಹುಬ್ಬಳ್ಳಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಪುಣ್ಯಸ್ಮರಣೆಯ ಕಾರ್ಡು, ಸೊಸೈಟಿಯ ವಾರ್ಷಿಕ ವರದಿ, ಪಿಎಚ್.ಡಿ. ಪ್ರಬಂಧ, ಎಲ್ಲವೂ ಈ ಕೈಯಿಂದ ಹಾದುಹೋಗಿವೆ. ಅಕ್ಷರದ ಕಸುಬು ನನಗೆ ಅಪ್ಪನಿಂದ ಬಂದದ್ದು. ಅವರು ಗದಗಿನ ಒಂದು ಮುದ್ರಣಾಲಯದಲ್ಲಿ ಕಂಪೋಜಿಟರ್, ಎಂದರೆ ಅಚ್ಚಿನ ಮೊಳೆಗಳನ್ನು (ಸೀಸದ ಅಕ್ಷರಗಳನ್ನು) ಜೋಡಿಸುವವರು ಆಗಿದ್ದರು. ಗದಗ ಮುದ್ರಣಕ್ಕೆ ಹೆಸರಾದ ಊರು ಎಂದು ಇಲ್ಲಿನ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ.

ಮೊಳೆ ಜೋಡಿಸುವುದನ್ನು ನೋಡದವರಿಗಾಗಿ ಬರೆಯುತ್ತೇನೆ. ಎಡಗೈಯಲ್ಲಿ ಸ್ಟಿಕ್, ಎಂದರೆ ಮೊಳೆಗಳನ್ನು ಸಾಲಾಗಿ ಕೂರಿಸುವ ಸಣ್ಣ ತಟ್ಟೆ. ಎದುರಿಗೆ ಓರೆಯಾಗಿ ನಿಲ್ಲಿಸಿದ ಮರದ ಕೇಸ್, ಅದರ ತುಂಬ ಸಣ್ಣ ಸಣ್ಣ ಮನೆಗಳು. ಯಾವ ಮನೆಯ ಮೇಲೂ ಅಕ್ಷರದ ಹೆಸರು ಬರೆದಿರುವುದಿಲ್ಲ, ಕೈಗೇ ದಾರಿ ಗೊತ್ತಿರುತ್ತದೆ. ಒತ್ತಕ್ಷರಕ್ಕೆ ಬೇರೆ ಮನೆ, ದೀರ್ಘಕ್ಕೆ ಬೇರೆ ಮನೆ. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಇರುತ್ತದೆ, ಸ್ಟಿಕ್ಕಿನಲ್ಲಿ ಅದು ತಲೆಕೆಳಗಾಗಿ ಕೂರುತ್ತದೆ. ನಾವು ದಿನಪತ್ರಿಕೆ ಓದುವಷ್ಟೇ ಸರಾಗವಾಗಿ ಅಪ್ಪ ಅದನ್ನು ಓದುತ್ತಿದ್ದರು. ಮುದ್ರಣ ಮುಗಿದ ಮೇಲೆ ಮೊಳೆಗಳನ್ನು ತೊಳೆದು, ಒಂದೊಂದನ್ನೂ ಮರಳಿ ಅದರದರ ಮನೆಗೆ ಹಾಕಬೇಕು. ಸಂಜೆ ಮನೆಗೆ ಬಂದಾಗ ಅವರ ಬೆರಳ ತುದಿ ಸೀಸದಿಂದ ಕಪ್ಪಾಗಿರುತ್ತಿತ್ತು. ಎರಡು ಸಲ ಸಾಬೂನು ಹಚ್ಚಿ ತೊಳೆಯುವವರೆಗೆ ಅವ್ವ ಅವರಿಗೆ ಮಕ್ಕಳನ್ನು ಮುಟ್ಟಗೊಡುತ್ತಿರಲಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಆ ಮುದ್ರಣಾಲಯಕ್ಕೆ ಮೊಳೆ ಬೇಡದ ಆಫ್‌ಸೆಟ್ ಯಂತ್ರ ಬಂತು. ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ಮಾರಿದರು. ಅವತ್ತು ಅಪ್ಪನಿಗೆ ಬುತ್ತಿ ಕೊಡಲು ನಾನೇ ಹೋಗಿದ್ದೆ. ಅಂಗಳದಲ್ಲಿ ತಕ್ಕಡಿ, ಪಕ್ಕದಲ್ಲಿ ಗೋಣಿಚೀಲ. ಕೇಸುಗಳನ್ನು ತಂದು ತಂದು ಚೀಲಕ್ಕೆ ಸುರಿಯುತ್ತಿದ್ದರು. ಮೂವತ್ತು ವರ್ಷ ಒಂದು ಅಕ್ಷರ ಇನ್ನೊಂದರ ಮನೆಗೆ ಹೋಗದಂತೆ ಕಾದವರು, ಎಲ್ಲವೂ ಒಂದೇ ಚೀಲಕ್ಕೆ ಬೀಳುವುದನ್ನು ನೋಡುತ್ತ ನಿಂತಿದ್ದರು. ಆ ಮೇಲೆ ಒಂದು ಖಾಲಿ ಕೇಸನ್ನು ಕೇಳಿ ಪಡೆದು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ತಂದರು. ಅವ್ವ ಹೊಲಿಗೆ ಮಾಡುತ್ತಿದ್ದಳು. ಗುಂಡಿ, ಹುಕ್ಕು, ದಾರದ ಉಂಡೆ ಆ ಮನೆಗಳಿಗೆ ಸೇರಿದವು.

ನಾನು ಕಂಪ್ಯೂಟರ್ ಕಲಿತ ಮೇಲೆ ಅಪ್ಪ ಅಂಗಡಿಗೆ ಬಂದು ಕೂರುತ್ತಿದ್ದರು. ಪರದೆಯ ಮೇಲೆ ಕಣ್ಣು ನಿಲ್ಲುವುದಿಲ್ಲ ಎನ್ನುತ್ತಿದ್ದರು, ಆದರೆ ಪ್ರೂಫ್ ಕೈಗೆ ಕೊಟ್ಟರೆ ಕೆಂಪು ಪೆನ್ನು ತಾನಾಗಿಯೇ ತಪ್ಪಿನ ಮೇಲೆ ಹೋಗುತ್ತಿತ್ತು. ತೀರಿಕೊಳ್ಳುವ ತಿಂಗಳವರೆಗೂ ನನ್ನ ಪ್ರೂಫ್ ನೋಡಿದರು.

ಈಗ ವಿಷಯಕ್ಕೆ ಬರುತ್ತೇನೆ. 2002ರಲ್ಲಿ ಅವ್ವನ ಬೀಸುವ ಕಲ್ಲಿನ ಹಾಡುಗಳನ್ನು ಟೈಪು ಮಾಡಿಟ್ಟೆ. ಮಧ್ಯಾಹ್ನ ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಅವಳು ಹೇಳುತ್ತಿದ್ದಳು, ನಾನು ಟೈಪು ಮಾಡುತ್ತಿದ್ದೆ. ಒಟ್ಟು 64 ಪುಟ. ಮೊದಲು ಫ್ಲಾಪಿಯಲ್ಲಿತ್ತು, ಆಮೇಲೆ ಸಿಡಿಗೆ, ಆಮೇಲೆ ಹಾರ್ಡ್‌ಡಿಸ್ಕಿಗೆ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟು ಇದೆ, ತೆರೆದರೆ ಕಾಣುತ್ತದೆ, ಆದ್ದರಿಂದ ಜೋಪಾನವಾಗಿದೆ ಎಂದೇ ತಿಳಿದಿದ್ದೆ. ಅವ್ವ ಹೋಗಿ ನಾಲ್ಕು ವರ್ಷವಾಯಿತು. ಕಳೆದ ವಾರ ಬೆಂಗಳೂರಿನಲ್ಲಿರುವ ತಂಗಿಯ ಮಗಳು ಆಯಿಯ ಹಾಡು ಬೇಕು ಎಂದಳು. ಫೈಲಿನಿಂದ ನಕಲು ಮಾಡಿ ವಾಟ್ಸಾಪಿನಲ್ಲಿ ಹಾಕಿದೆ. ಅಲ್ಲಿ ಹೋದದ್ದು ಕನ್ನಡವಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡಿನ ಗುರುತು, ಮತ್ತೆ ಗೆರೆಯ ಎ. ಪುಟ ಪೂರ್ತಿ ಹೀಗೆಯೇ. ‘ದೊಡ್ಡಮ್ಮ, ಇದೇನು?’ ಎಂದು ಹುಡುಗಿ ಕೇಳಿದಳು.

ಪರಿವರ್ತಕ ತಂತ್ರಾಂಶಗಳು ಇವೆ ಎಂಬುದು ನನಗೆ ಗೊತ್ತು, ಅಂಗಡಿಯಲ್ಲಿ ಕೆಲವೊಮ್ಮೆ ಬಳಸಿದ್ದೇನೆ. ನನ್ನ ಪ್ರಶ್ನೆ ಅದಕ್ಕಿಂತ ದೊಡ್ಡದು. ನಮ್ಮ ತಲೆಮಾರು ಎಷ್ಟು ಯಂತ್ರಗಳನ್ನು ಕಲಿತಿತು, ಎಷ್ಟನ್ನು ಬಿಟ್ಟಿತು. ಅವುಗಳಲ್ಲಿ ನಾವು ಬರೆದಿಟ್ಟದ್ದು ಎಲ್ಲಿ ಹೋಯಿತು? ನಿಮ್ಮ ಮನೆಗಳಲ್ಲಿ ಏನಾಗಿದೆ? ಮುಂದಿನವರಿಗೆ ಯಾವ ರೂಪದಲ್ಲಿ ಕೊಟ್ಟು ಹೋಗಬೇಕು? ದಯವಿಟ್ಟು ಬರೆಯಿರಿ.

—

ಸಪ್ತಾಪುರದ ಬೆರಳಚ್ಚುಗಾರ್ತಿ
ಶನಿವಾರ, ರಾತ್ರಿ 10.25

ತಂಗಿ, ನಿನ್ನ ತಂದೆಯವರ ಬಗ್ಗೆ ಓದಿ ಕಣ್ಣು ತುಂಬಿತು.

ನಾನು ಧಾರವಾಡದಲ್ಲಿ ಮೂವತ್ತನಾಲ್ಕು ವರ್ಷ ಟೈಪಿಸ್ಟ್ ಆಗಿ ದುಡಿದವಳು. ಕನ್ನಡದ ಬೆರಳಚ್ಚು ಯಂತ್ರದಲ್ಲಿ ಒತ್ತಕ್ಷರದ ಕೀಲಿ ಒತ್ತಿದರೆ ಗಾಡಿ ಮುಂದೆ ಸರಿಯುತ್ತಿರಲಿಲ್ಲ, ಹಿಂದಿನ ಅಕ್ಷರದ ಬುಡದಲ್ಲೇ ಕೂರುತ್ತಿತ್ತು. ಒಂದು ಕೀಲಿಗೆ ಎರಡು ಗುರುತು, ಎಲ್ಲ ಸೇರಿ ನೂರರ ಒಳಗೆ. ಅಷ್ಟರಲ್ಲೇ ಇಡೀ ಕನ್ನಡವನ್ನು ಬರೆಯಬೇಕು. ನಾಲ್ಕು ಕಾರ್ಬನ್ ಹಾಕಿದರೆ ಕೊನೆಯ ಪ್ರತಿಯಲ್ಲಿ ಅಕ್ಷರ ಮೂಡಲು ಬೆರಳನ್ನು ಸುತ್ತಿಗೆಯಂತೆ ಬೀಳಿಸಬೇಕಿತ್ತು. ಒಂದು ತಪ್ಪಾದರೆ ಐದೂ ಹಾಳೆಯಲ್ಲಿ ತಿದ್ದಬೇಕು. ಆದ್ದರಿಂದ ತಪ್ಪು ಮಾಡುವುದನ್ನೇ ಬಿಟ್ಟೆವು.

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾನು 1981ರಲ್ಲಿ ಹೊಡೆದ ಕಾರ್ಬನ್ ಪ್ರತಿ ನನ್ನ ಟ್ರಂಕಿನಲ್ಲಿದೆ. ಹಳದಿಯಾಗಿದೆ, ಅಂಚು ಉದುರುತ್ತಿದೆ, ಆದರೆ ಯಾರು ಬೇಕಾದರೂ ಓದಬಹುದು. ನಿನ್ನ 2002ರ ಫೈಲು ನಿನ್ನ ಅಂಗಡಿಯ ಹೊಸ್ತಿಲು ದಾಟಲಿಲ್ಲ. ಮೊದಲು 64 ಪುಟವನ್ನೂ ಮುದ್ರಿಸಿ ನಾಲ್ಕು ಮನೆಗಳಲ್ಲಿ ಇಡು. ಉಳಿದ ಮಾತು ಆಮೇಲೆ.

—

ಉಣಕಲ್ಲಿನ ಹುಡುಗ
ಶನಿವಾರ, ರಾತ್ರಿ 11.10

ಅಕ್ಕಾ, ನಾನು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ನೀವು ಕಂಡ ಆ ಪಿ ಮತ್ತು ಗೆರೆಯ ಎ ಏನೆಂದು ಹೇಳಬಲ್ಲೆ.

ಆ ಕಾಲದ ಫಾಂಟುಗಳಲ್ಲಿ ಸಿಗುತ್ತಿದ್ದದ್ದು 256 ಜಾಗ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳು ಕೂತಿದ್ದವು. ಕನ್ನಡದವರು ಮಾಡಿದ ಉಪಾಯವೆಂದರೆ ಅದೇ ಜಾಗಗಳಲ್ಲಿ ಕನ್ನಡದ ಆಕಾರಗಳನ್ನು ಬಿಡಿಸಿದ್ದು. ‘ಕನ್ನಡ’ ಎಂಬ ಪದ ನಿಮ್ಮ ಫೈಲಿನಲ್ಲಿ ಏಳು ತುಂಡಾಗಿದೆ: 80, 192, 163, 192, 223, 113, 192. ಇದರಲ್ಲಿ 80 ಎಂದರೆ ತಲೆಕಟ್ಟಿಲ್ಲದ ಕ. ಮೂರು ಸಲ ಬಂದ 192 ತಲೆಕಟ್ಟು. 223 ಎಂದರೆ ನ ಒತ್ತು. ಫಾಂಟು ಇಲ್ಲದ ಕಡೆ 80ನ್ನು ಪಿ ಎಂದೂ 192ನ್ನು ಗೆರೆಯ ಎ ಎಂದೂ ಯಂತ್ರ ತೋರಿಸುತ್ತದೆ.

ನಿಮ್ಮ ಬರಹ ಓದಿದ ಮೇಲೆ ನನಗೆ ಹೊಳೆದದ್ದು ಇದು. ಆ ಫಾಂಟು ನಿಮ್ಮ ತಂದೆಯವರ ಕೇಸಿನಂತೆಯೇ ಇದೆ. ಅಲ್ಲಿ ಅಕ್ಷರವಿಲ್ಲ, ಅಕ್ಷರದ ತುಂಡುಗಳಿವೆ. ಒತ್ತಿಗೆ ಬೇರೆ ಮನೆ, ತಲೆಕಟ್ಟಿಗೆ ಬೇರೆ ಮನೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ಹಾಗಲ್ಲ. ಅದರಲ್ಲಿ ಕನ್ನಡಕ್ಕೆಂದೇ 128 ಜಾಗಗಳಿವೆ, ‘ಕನ್ನಡ’ ಎಂದರೆ ಐದೇ ಸಂಖ್ಯೆ: 3221, 3240, 3277, 3240, 3233. ಕ, ನ, ವಿರಾಮ (ಸ್ವರ ತೆಗೆದು ‘ನ್’ ಮಾಡುವ ಗುರುತು), ನ, ಡ. ನಾವು ಉಚ್ಚರಿಸುವ ಕ್ರಮವೇ ಅದು. ಆಕಾರವನ್ನು ಪರದೆಯೇ ಜೋಡಿಸಿಕೊಳ್ಳುತ್ತದೆ. ಕನ್ನಡ ಟೈಪು ಮಾಡುವ ‘ನುಡಿ’, ‘ಬರಹ’ ತಂತ್ರಾಂಶಗಳು ಎರಡರಲ್ಲೂ ಈಗ ಯೂನಿಕೋಡ್ ಇದೆ.

ಪರಿಹಾರದ ಬಗ್ಗೆ ನನ್ನ ಅಭಿಪ್ರಾಯ: 64 ಪುಟವನ್ನೂ ಮುದ್ರಿಸಿ, ಸ್ಕ್ಯಾನ್ ಮಾಡಿ, ಚಿತ್ರಗಳಾಗಿ ಇಟ್ಟುಬಿಡಿ. ಪರಿವರ್ತನೆ, ತಿದ್ದುವುದು ಎಂದು ಒದ್ದಾಡುವುದೇಕೆ? ಚಿತ್ರದಿಂದ ಕನ್ನಡ ಓದುವ ತಂತ್ರಾಂಶಗಳು ಈಗಲೇ ಇವೆ. ಒತ್ತಕ್ಷರಗಳಲ್ಲಿ ಎಡವುತ್ತವೆ, ಆದರೆ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ.

—

ಸ್ವರದ ದಾರಿ
ಭಾನುವಾರ, ಬೆಳಿಗ್ಗೆ 6.15

ತಾಯಿ, ನಮಸ್ಕಾರ. ತಮ್ಮಾ, ನಿನ್ನ ವಿವರಣೆ ಬಹಳ ಚೆನ್ನಾಗಿತ್ತು. ಆದರೆ ಕೊನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾರ್ಮೋನಿಯಂ ಮತ್ತು ಗಾಯನ ಕಲಿತೆ, ಈಗ ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು ಬ್ರೈಲಿನಲ್ಲಿ ಎಷ್ಟು ಬರೆದರು ಎಂಬುದು ನಾಡಿಗೆ ತಿಳಿದಿದೆ. ಬ್ರೈಲ್ ನಮಗೆ ಬರಿಯ ಓದಲ್ಲ, ಅದು ಸ್ವಾಭಿಮಾನ.

ನನ್ನ ಮೊದಲ ತಂತ್ರಜ್ಞಾನ ಒಂದು ಲೋಹದ ಸ್ಲೇಟು ಮತ್ತು ಮೊಂಡು ಮೊಳೆಯಂಥ ಕಡ್ಡಿ. ದಪ್ಪ ಕಾಗದವನ್ನು ಸ್ಲೇಟಿನ ನಡುವೆ ಸಿಕ್ಕಿಸಿ ಚುಕ್ಕಿ ಒತ್ತಬೇಕು. ಚುಕ್ಕಿ ಹಾಳೆಯ ಹಿಂಬದಿಗೆ ಉಬ್ಬುತ್ತದೆ, ಓದಲು ಹಾಳೆಯನ್ನು ತಿರುಗಿಸಬೇಕು. ಆದ್ದರಿಂದ ಬರೆಯುವುದು ಬಲದಿಂದ ಎಡಕ್ಕೆ, ಪ್ರತಿ ಅಕ್ಷರವನ್ನೂ ಕನ್ನಡಿಯಲ್ಲಿ ತಿರುಗಿಸಿದಂತೆ. ತಾಯಿ, ನಿಮ್ಮ ತಂದೆಯವರು ತಿರುಗಿದ ಅಕ್ಷರ ಓದುತ್ತಿದ್ದರು ಎಂಬುದನ್ನು ಫೋನು ಓದಿ ಹೇಳಿದಾಗ ಎರಡು ಸಲ ಹಿಂದಕ್ಕೆ ಹೋಗಿ ಕೇಳಿದೆ. ನಾವಿಬ್ಬರೂ ಒಂದೇ ಪಾಠ ಕಲಿತವರು.

ಈಗ ನನ್ನ ಓದು ಕಿವಿಯಿಂದ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಕಣ್ಣು ಕಾಣದ ಇಬ್ಬರು ಯುವಕರು ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶವನ್ನು ಮಾಡಿ ಉಚಿತವಾಗಿ ಹಂಚಿದರು. ಅದರ ಜೊತೆಗಿರುವ ಧ್ವನಿ ಕನ್ನಡವನ್ನೂ ಓದುತ್ತದೆ. ಯೂನಿಕೋಡಿನಲ್ಲಿ ಬರೆದದ್ದೆಲ್ಲ ನನಗೆ ಪುಸ್ತಕ. ಹಳೆಯ ಫಾಂಟಿನಲ್ಲಿ ಬರೆದದ್ದನ್ನು ತೆರೆದರೆ ಅದು ಪಾಪ ‘ಪಿ, ಎ, ಪೌಂಡ್, ಎ’ ಎಂದು ಹೇಳುತ್ತ ಹೋಗುತ್ತದೆ. ಒಮ್ಮೆ ಸಂಗೀತದ ಒಂದು ಒಳ್ಳೆಯ ಪುಸ್ತಕದ ಫೈಲನ್ನು ಸ್ನೇಹಿತರು ಪ್ರೀತಿಯಿಂದ ಕಳುಹಿಸಿದ್ದರು. ಅರ್ಧ ಗಂಟೆ ಪೌಂಡ್ ಪೌಂಡ್ ಎಂದು ಕೇಳಿ ಮುಚ್ಚಿಟ್ಟೆ.

ಚಿತ್ರವಾದರೆ ಅಷ್ಟೂ ಇಲ್ಲ. ಚಿತ್ರ ನನಗೆ ಗೋಡೆ. ‘ಚಿತ್ರ’ ಎಂದಷ್ಟೇ ಹೇಳಿ ಫೋನು ಸುಮ್ಮನಾಗುತ್ತದೆ. ಮುಂದೆ ಯಂತ್ರಗಳು ಓದುತ್ತವೆ ಎನ್ನುತ್ತೀಯಲ್ಲ ತಮ್ಮಾ, ಅವು ಒಂದು ಒತ್ತಕ್ಷರವನ್ನು ತಪ್ಪಾಗಿ ಓದಿದರೆ ಅದು ತಪ್ಪು ಎಂದು ನನಗೆ ಹೇಳುವವರು ಯಾರು? ಅವ್ವನ ಮಾತನ್ನು ಬಲ್ಲ ಮಗಳು ಈಗ ಇದ್ದಾರೆ. ಅವರು ಕುಳಿತು ತಿದ್ದಿದರೆ ಅದು ನಿಲ್ಲುತ್ತದೆ.

—

ಬೆಟಗೇರಿಯ ಮಗಳು
ಭಾನುವಾರ, ಬೆಳಿಗ್ಗೆ 8.00

ಗುರುಗಳೇ, ಇಷ್ಟು ವರ್ಷ ನಾನು ಮಾಡಿದ ಕೆಲಸದಲ್ಲಿ ಒಂದು ಪುಟವನ್ನೂ ನೀವು ಓದಲಾಗುತ್ತಿರಲಿಲ್ಲ ಎಂಬುದು ನನಗೆ ಎಂದೂ ಹೊಳೆದಿರಲಿಲ್ಲ. ರಾತ್ರಿ ನಿದ್ದೆ ಕಡಿಮೆಯಾಗಿತ್ತು, ಬೆಳಿಗ್ಗೆ ಎದ್ದು ಇದನ್ನು ಓದಿದೆ. ಚಿತ್ರ ಬೇಡ. ಪರಿವರ್ತಿಸಿ ಕೈಯಿಂದ ತಿದ್ದುತ್ತೇನೆ.

ಸಪ್ತಾಪುರದ ಅಕ್ಕನವರೇ, ನಿಮ್ಮ ಮಾತನ್ನೂ ನಡೆಸುತ್ತೇನೆ. ನಾಲ್ಕು ಪ್ರತಿ ಮುದ್ರಿಸಿ ನಾಲ್ಕು ಮನೆಗೆ ಕೊಡುತ್ತೇನೆ.

—

ಎರೆಹೊಲ
ಭಾನುವಾರ, ಮಧ್ಯಾಹ್ನ 1.30

ಅಕ್ಕಾವರೇ, ನಾನು ಹಾವೇರಿ ಜಿಲ್ಲೆಯ ರೈತ. ಬ್ಯಾಡಗಿ ಮೆಣಸಿನಕಾಯಿ, ಗೋವಿನಜೋಳ, ಸ್ವಲ್ಪ ಹತ್ತಿ. ನೀವು ಹಾಡಿನ ಬಗ್ಗೆ ಬರೆದಿದ್ದೀರಿ, ನಾನು ಹೆಸರಿನ ಬಗ್ಗೆ ಬರೆಯುತ್ತೇನೆ. ಅಕ್ಷರ ತಪ್ಪಿದರೆ ಹೊಟ್ಟೆಗೆ ಹೇಗೆ ತಟ್ಟುತ್ತದೆ ಎಂಬುದು ಅದರಲ್ಲಿದೆ.

ಮೊದಲು ಪಹಣಿ ಎಂದರೆ ಗ್ರಾಮಲೆಕ್ಕಿಗರ ಕೈಬರಹ. ಅವರು ಸಿಕ್ಕ ದಿನ ಸಿಕ್ಕಂತೆ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಎಲ್ಲವೂ ಕಂಪ್ಯೂಟರಿಗೆ ಹೋಯಿತು, ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರತೊಡಗಿತು. ಇದು ರೈತನಿಗೆ ಆದ ದೊಡ್ಡ ಉಪಕಾರ. ಯಾರ ಮನೆಯ ಮುಂದೆಯೂ ಕಾಯಬೇಕಾಗಲಿಲ್ಲ.

ಆದರೆ ಕೈಬರಹ ನೋಡಿ ಟೈಪು ಮಾಡಿದವರು ನಮ್ಮ ಊರಿನವರಲ್ಲ. ನಮ್ಮ ತಂದೆಯ ಹೆಸರು ಪಹಣಿಯಲ್ಲಿ ಈರಪ್ಪ, ಆಧಾರಿನಲ್ಲಿ ವೀರಪ್ಪ. ನಮ್ಮ ಕಡೆ ಅದು ಒಂದೇ ಹೆಸರು, ಮಗುವಿಗೂ ಗೊತ್ತು. ಯಂತ್ರಕ್ಕೆ ಎರಡು ಬೇರೆ ಮನುಷ್ಯರು. 2019ರಲ್ಲಿ ಪಿಎಂ ಕಿಸಾನ್ ಶುರುವಾದಾಗ, ವರ್ಷಕ್ಕೆ ಮೂರು ಕಂತಿನಲ್ಲಿ 6000 ರೂಪಾಯಿ ಎಂದರು. ನಮ್ಮ ತಂದೆಗೆ ಒಂದು ಕಂತೂ ಬರಲಿಲ್ಲ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಹದಿನಾಲ್ಕು ತಿಂಗಳು ತಿರುಗಿದೆವು. ಐವತ್ತು ವರ್ಷ ಅದೇ ಎರೆಯನ್ನು ಹರಗಿದ ಮನುಷ್ಯ, ತಾನು ತಾನೇ ಎಂದು ಅಫಿಡವಿಟ್ ಮಾಡಿಸಿ ತೋರಿಸಬೇಕಾಯಿತು. ಆ ಕಾಗದ ಕೈಯಲ್ಲಿ ಹಿಡಿದು ಅವರು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಾತಿಲ್ಲದೆ ಕುಳಿತದ್ದು ಇನ್ನೂ ಕಣ್ಣ ಮುಂದಿದೆ.

ಮೊಬೈಲಿನ ಮಾತು. ನನ್ನ ಮೊದಲ ಫೋನಿನಲ್ಲಿ ಕನ್ನಡದ ಸಂದೇಶ ಬಂದರೆ ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದವು. ಈಗ ಮಾರುಕಟ್ಟೆಯಲ್ಲಿ ಇ-ಟೆಂಡರ್ ಇದೆ, ನನ್ನ ಲಾಟಿಗೆ ಬಂದ ದರ ಫೋನಿಗೇ ಬರುತ್ತದೆ. ಒಳ್ಳೆಯದಾಗಿದೆ. ಬರೆಯುವುದು ತಡವೆಂದು ಈಗ ಬಾಯಲ್ಲಿ ಹೇಳುತ್ತೇನೆ, ಅದು ಬರೆದುಕೊಳ್ಳುತ್ತದೆ. ಆದರೆ ಹೊಲಕ್ಕೆ ಕುಂಟೆ ಹೊಡೆದೆ ಎನ್ನಲು ‘ಹೊಲ ಹರಗಿದೆ’ ಎಂದರೆ ‘ಹೊಲ ಹೊರಗಿದೆ’ ಎಂದು ಬರೆಯುತ್ತದೆ. ನೆಲದೊಳಗೆ ಕಾಳು ತುಂಬಿಡುವ ಹಗೇವು ಎಂದರೆ ಅದಕ್ಕೆ ತಿಳಿಯುವುದಿಲ್ಲ. ಎಡೆಕುಂಟೆ, ಕೂರಿಗೆ, ಮಸಾರಿ, ಯಾವುದೂ ಇಲ್ಲ. ನನ್ನ ಕೆಲಸದ ಮಾತೇ ಅದಕ್ಕೆ ಬಾರದಿದ್ದರೆ ನಾನು ಅದರ ಜೊತೆ ಮಾತಾಡುವುದು ಏನನ್ನು?

—

ಉಣಕಲ್ಲಿನ ಹುಡುಗ
ಭಾನುವಾರ, ಮಧ್ಯಾಹ್ನ 2.15

ಗುರುಗಳು ಹೇಳಿದ್ದನ್ನು ಒಪ್ಪುತ್ತೇನೆ, ನಾನು ಚಿತ್ರ ಎಂದದ್ದು ತಪ್ಪು. ಕಣ್ಣಿನಿಂದ ಓದುವವರನ್ನು ಮಾತ್ರ ನೆನೆದು ಬರೆದಿದ್ದೆ.

ಎರೆಹೊಲದ ಅಣ್ಣಾವರೇ, ಕನ್ನಡದ ಧ್ವನಿಬರಹ ಗೂಗಲ್‌ನಲ್ಲಿ 2017ರಲ್ಲಿ ಬಂತು. ಯಂತ್ರ ಕಲಿಯುವುದು ತನಗೆ ಕೇಳಿಸಿದ್ದರಿಂದ ಮತ್ತು ತಾನು ಓದಿದ್ದರಿಂದ. ಹರಗುವುದು, ಹಗೇವು ಎಂಬ ಮಾತುಗಳು ಅಂತರಜಾಲದ ಕನ್ನಡದಲ್ಲಿ ಎಷ್ಟು ಸಲ ಬಂದಿರಬಹುದು? ನಮ್ಮ ಕಡೆಯವರು ಬರೆದದ್ದರಲ್ಲಿ ಬಹುಪಾಲು ಪಿ ಮತ್ತು ಪೌಂಡುಗಳ ಒಳಗೆ ಬಿದ್ದಿದೆ, ಇಲ್ಲವೇ ಕಾಗದದಲ್ಲೇ ಇದೆ. ಅಕ್ಕನ 64 ಪುಟ ಹೊರಗೆ ಬಂದರೆ ಆ ಮಾತುಗಳೂ ಬರುತ್ತವೆ. ಯಂತ್ರಕ್ಕೆ ನಮ್ಮ ಭಾಷೆಗಳನ್ನು ಕಲಿಸುವ ಕೇಂದ್ರ ಸರಕಾರದ ಭಾಷಿಣಿ ಯೋಜನೆಯಲ್ಲಿ ಭಾಷಾದಾನ ಎಂಬ ಭಾಗವಿದೆ, ಅಲ್ಲಿ ಯಾರು ಬೇಕಾದರೂ ತಮ್ಮ ಭಾಷೆಯಲ್ಲಿ ಓದಿ ಧ್ವನಿ ಕೊಡಬಹುದು. ನಮ್ಮ ಕಡೆಯ ದನಿಗಳು ಅಲ್ಲಿಗೆ ಹೋಗಬೇಕು.

—

ನವನಗರದ ಓದುಗ
ಭಾನುವಾರ, ಸಂಜೆ 5.50

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಒಂದು ಎಚ್ಚರಿಕೆ ಹೇಳಲೇಬೇಕು.

ಬರೆದ ಮಾತು ಬೇರೆ, ಧ್ವನಿ ಬೇರೆ. ಧ್ವನಿ ಬೆರಳಚ್ಚಿನಂಥದ್ದು. ಮಗನ ಧ್ವನಿಯನ್ನು ಯಂತ್ರದಿಂದ ಅನುಕರಿಸಿ ತಂದೆತಾಯಿಗೆ ಫೋನು ಮಾಡಿ ದುಡ್ಡು ಕೀಳುವ ಕಾಲ ಇದು. ನಾನು ಬ್ಯಾಂಕಿನಲ್ಲಿ ದುಡಿದವನು, ಹೀಗೆ ಹಣ ಕಳೆದುಕೊಂಡು ಬಂದು ಕೌಂಟರಿನ ಮುಂದೆ ನಿಂತ ಮುಖಗಳನ್ನು ನೋಡಿದ್ದೇನೆ. ನಮ್ಮ ಒಪ್ಪಿಗೆಯಿಲ್ಲದೆ ನಮ್ಮ ಮಾಹಿತಿ ಬಳಸಬಾರದು ಎಂದು 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ, ನಿಜ. ಆದರೆ ಫೋನಿನಲ್ಲಿ ‘ಒಪ್ಪುತ್ತೇನೆ’ ಎಂಬುದನ್ನು ಓದದೇ ಒತ್ತುವ ಕೈಗಳು ನಮ್ಮವೇ. ಹಳ್ಳಿಯ ಅಜ್ಜಿಯ ಮುಂದೆ ಫೋನು ಹಿಡಿದು ಹಾಡು ಎಂದರೆ ಆಕೆ ಹಾಡುತ್ತಾಳೆ. ಆ ಹಾಡು ಎಲ್ಲಿಗೆ ಹೋಗುತ್ತದೆ, ಯಾರು ಅದರಿಂದ ದುಡಿಯುತ್ತಾರೆ ಎಂದು ಆಕೆಗೆ ಹೇಳುವವರು ಯಾರು? ಮೊದಲು ಅದನ್ನು ಕೇಳಿ, ಆಮೇಲೆ ದಾನದ ಮಾತಾಡೋಣ.

—

ಎರೆಹೊಲ
ಭಾನುವಾರ, ಸಂಜೆ 6.30

ಯಜಮಾನರೇ, ನಿಮ್ಮ ಮಾತು ಸರಿ. ಆದರೆ ಕೊಡದೇ ಇದ್ದರೆ ಇನ್ನು ಹತ್ತು ವರ್ಷಕ್ಕೆ ನನ್ನ ಮಗ ಆ ಯಂತ್ರ ತಿಳಿಯುವ ಕನ್ನಡಕ್ಕೆ ತನ್ನ ನಾಲಿಗೆ ತಿರುಗಿಸುತ್ತಾನೆ. ಈಗಲೇ ಹರಗುವುದನ್ನು ಬಿಟ್ಟು ‘ಉಳುಮೆ’ ಎನ್ನತೊಡಗಿದ್ದಾನೆ, ಫೋನು ಒಪ್ಪುತ್ತದೆ ಎಂದು. ಹರಗುವುದೂ ಉಳುವುದೂ ಒಂದಲ್ಲ. ನನಗೆ ಎರಡರ ಭಯವೂ ಇದೆ, ಇದರ ಭಯ ಹೆಚ್ಚು.

—

ಸಪ್ತಾಪುರದ ಬೆರಳಚ್ಚುಗಾರ್ತಿ
ಭಾನುವಾರ, ರಾತ್ರಿ 8.05

ನವನಗರದವರ ಮಾತಿಗೆ ನನ್ನ ಬೆಂಬಲವಿದೆ. ಹಾಗೆಂದು ಇದನ್ನೂ ಹೇಳಿಬಿಡುತ್ತೇನೆ: ಮೂರು ವರ್ಷದಿಂದ ನನ್ನ ಕೈ ನಡುಗುತ್ತದೆ. ನಿಮಿಷಕ್ಕೆ ನಲವತ್ತು ಪದ ಹೊಡೆಯುತ್ತಿದ್ದ ಬೆರಳುಗಳು ಈಗ ಫೋನಿನ ಸಣ್ಣ ಕೀಲಿಗಳ ಮೇಲೆ ನಿಲ್ಲುವುದಿಲ್ಲ. ಇಲ್ಲಿ ನಾನು ಬರೆದದ್ದೆಲ್ಲ ಫೋನಿಗೆ ಬಾಯಿಂದ ಹೇಳಿ ಬರೆಸಿದ್ದು. ಅದು ತಪ್ಪು ಬರೆದಲ್ಲೆಲ್ಲ ನಿಂತು ತಿದ್ದುತ್ತೇನೆ, ಐದು ಹಾಳೆಯಲ್ಲಿ ತಿದ್ದಿದ ಅಭ್ಯಾಸ ಬಿಟ್ಟಿಲ್ಲ. ಈ ಸೌಕರ್ಯ ಇಲ್ಲದಿದ್ದರೆ ನಾನು ಈ ಚರ್ಚೆಯಲ್ಲಿ ಇರುತ್ತಲೇ ಇರಲಿಲ್ಲ.

—

ಸ್ವರದ ದಾರಿ
ಸೋಮವಾರ, ಬೆಳಿಗ್ಗೆ 5.40

ತಾಯಿ, ನಿಮ್ಮ ಅವ್ವನವರು ಹಾಡಿದ್ದರ ಧ್ವನಿಮುದ್ರಣ ಇದೆಯೇ? ಇದ್ದರೆ ಅದು ಎಲ್ಲಕ್ಕಿಂತ ಮೊದಲು.

ಕೇಳಲು ಕಾರಣವಿದೆ. ಗಂಗೂಬಾಯಿ ಹಾನಗಲ್ಲರ ಮೊದಲ ಗ್ರಾಮಫೋನ್ ತಟ್ಟೆಗಳು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಒಂದು ಬದಿಗೆ ಮೂರು ನಿಮಿಷ, ಅಷ್ಟೇ. ಗಂಟಲಿನ ಚಿಕಿತ್ಸೆಯ ನಂತರ ಅವರ ಕಂಠ ದಪ್ಪವಾಯಿತು, ಲೋಕ ಮೆಚ್ಚಿದ್ದು ಆ ಗಂಭೀರ ದನಿಯನ್ನೇ. ಎಳೆಯ ವಯಸ್ಸಿನ ಅವರ ತೆಳುವಾದ ದನಿ ಹೇಗಿತ್ತು ಎಂದು ಇಂದು ತಿಳಿಯುವುದು ಆ ಮೂರು ಮೂರು ನಿಮಿಷಗಳಿಂದ ಮಾತ್ರ. ನಾನು ಅವನ್ನು ಕೇಳಿದ ದಿನ ಬೇರೆ ಏನನ್ನೂ ಕೇಳಲಾಗಲಿಲ್ಲ.

—

ಬೆಟಗೇರಿಯ ಮಗಳು
ಸೋಮವಾರ, ಬೆಳಿಗ್ಗೆ 10.20

ಗುರುಗಳೇ, ಇಲ್ಲ.

ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಕೆಂಪು ಗುಂಡಿ ಒತ್ತಿದರೆ ಧ್ವನಿ ಹಿಡಿಯುವಂಥದ್ದೇ. ಅದರಲ್ಲಿ ಭಜನೆಯ ಕ್ಯಾಸೆಟ್ ಹಾಕಿ ಅವ್ವನೇ ಕೇಳುತ್ತಿದ್ದಳು. ನನಗೆ ಅಕ್ಷರದ ಮೇಲೆ ನಂಬಿಕೆ. ಬರೆದಿಟ್ಟರೆ ಉಳಿಯುತ್ತದೆ ಎಂಬುದು ನಮ್ಮ ಮನೆಯ ಮಾತು, ಅಪ್ಪನಿಂದ ಬಂದದ್ದು. ಅವಳು ಎದುರಿಗೆ ಕುಳಿತು ಧಾಟಿಯಲ್ಲಿ ಹೇಳುತ್ತಿದ್ದಳು, ‘ಅವ್ವಾ, ಹಾಡಬೇಡ, ಮೆಲ್ಲಗೆ ಬಿಡಿಸಿ ಹೇಳು, ಟೈಪು ಮಾಡಲು ಆಗುತ್ತಿಲ್ಲ’ ಎಂದು ನಾನೇ ನಿಲ್ಲಿಸುತ್ತಿದ್ದೆ.

ನವನಗರದ ಅಣ್ಣನವರ ಎಚ್ಚರಿಕೆ ನನಗೆ ಅರ್ಥವಾಗುತ್ತದೆ. ಆದರೂ ಇಲ್ಲಿ ಓದುತ್ತಿರುವ ಎಲ್ಲರಲ್ಲಿ ಕೈಮುಗಿದು ಕೇಳುತ್ತೇನೆ: ಎಲ್ಲಿಗೂ ಕಳುಹಿಸಬೇಡಿ, ಯಾರಿಗೂ ಕೊಡಬೇಡಿ, ಆದರೆ ನಿಮ್ಮ ಮನೆಯ ಹಿರಿಯರ ಧ್ವನಿಯನ್ನು ನಿಮ್ಮ ಫೋನಿನಲ್ಲಿ ಹಿಡಿದಿಡಿ. ಈ ವಾರವೇ ಮಾಡಿ.

—

ನವನಗರದ ಓದುಗ
ಸೋಮವಾರ, ಬೆಳಿಗ್ಗೆ 11.00

ಇದಕ್ಕೆ ನನ್ನ ಆಕ್ಷೇಪ ಸ್ವಲ್ಪವೂ ಇಲ್ಲ. ನನ್ನ ತಾಯಿಗೆ 88 ವರ್ಷ. ಸಂಜೆ ಕುಳಿತುಕೊಳ್ಳುತ್ತೇನೆ.

—

ಉಣಕಲ್ಲಿನ ಹುಡುಗ
ಮಂಗಳವಾರ, ರಾತ್ರಿ 9.30

ಅಕ್ಕ ಫೈಲನ್ನು ನನಗೆ ಕಳುಹಿಸಿದ್ದರು. ಮೊದಲ ಇಪ್ಪತ್ತು ಪುಟ ಪರಿವರ್ತಿಸಿ ಅವರಿಗೂ, ಅವರ ಒಪ್ಪಿಗೆಯ ಮೇಲೆ ಗುರುಗಳಿಗೂ ಕಳುಹಿಸಿದ್ದೇನೆ. ಹೆಚ್ಚು ತೊಂದರೆ ಕೊಟ್ಟದ್ದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಕಂಪೋಜಿಟರ್ ಮೊಳೆ ಇಡುವ ಕ್ರಮದಲ್ಲಿ. ಉಚ್ಚಾರದಲ್ಲಿ ಮೊದಲು ಬರುತ್ತದೆ. ಪ್ರತಿ ಕಡೆ ಅದನ್ನು ಅಕ್ಷರಕ್ಕಿಂತ ಮೊದಲಿಗೆ ತರಬೇಕು. ಅದಕ್ಕೊಂದು ಸಣ್ಣ ಪ್ರೋಗ್ರಾಂ ಬರೆದೆ. ಕಣ್ಣಾಡಿಸಿ ನೋಡಿದೆ, ಎಲ್ಲ ಸರಿ ಕಾಣುತ್ತಿದೆ.

—

ಸ್ವರದ ದಾರಿ
ಬುಧವಾರ, ಬೆಳಿಗ್ಗೆ 6.00

ತಾಯಿ, ಇಪ್ಪತ್ತು ಪುಟವನ್ನೂ ಕೇಳಿದೆ. ಯಂತ್ರದ ಧ್ವನಿಗೆ ಧಾಟಿ ಇಲ್ಲ, ಉಸಿರೂ ಇಲ್ಲ. ಆದರೂ ತ್ರಿಪದಿಯ ಮೂರನೆಯ ಸಾಲು ಬಂದು ನಿಂತಾಗ ಕಲ್ಲು ಒಂದು ಸುತ್ತು ಬಂದದ್ದು ತಿಳಿಯುತ್ತದೆ. ತವರಿನ ದಾರಿಯ ಹಾಡನ್ನು ನಾಲ್ಕು ಸಲ ಕೇಳಿದೆ.

ಒಂದು ತಪ್ಪು ಇದೆ. ಏಳನೆಯ ಪುಟದಲ್ಲಿ ಅದು ‘ಸೂಯ ಒಂಬತ್ತು’ ಎಂದು ಓದುತ್ತದೆ. ಹನ್ನೆರಡರಲ್ಲಿ ‘ವಷ ಒಂಬತ್ತು’. ಬೇರೆ ಕಡೆಗಳಲ್ಲೂ ಒಂಬತ್ತು ಬರುತ್ತದೆ. ಹಾಡಿನಲ್ಲಿ ಇಷ್ಟು ಒಂಬತ್ತು ಏಕೆ?

—

ಬೆಟಗೇರಿಯ ಮಗಳು
ಬುಧವಾರ, ಬೆಳಿಗ್ಗೆ 9.45

ಗುರುಗಳೇ, ತಿಳಿಯಿತು. ಅದು ಸೂರ್ಯ, ಅದು ವರ್ಷ. ಕನ್ನಡದ ಒಂಬತ್ತು ಮತ್ತು ಅರ್ಕಾವತ್ತು ನೋಡಲು ಒಂದೇ ತರಹ. ಅವಸರವಿದ್ದಾಗ ಅರ್ಕಾವತ್ತಿನ ಕೀಲಿ ಹುಡುಕದೆ ೯ ಒತ್ತಿಬಿಡುವುದು ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಕಾಗದದ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಹುಡುಗನ ಪ್ರೋಗ್ರಾಮಿಗೆ ಅದು ಅಂಕಿ, ಆದ್ದರಿಂದ ಮುಟ್ಟಲಿಲ್ಲ. ಅಪ್ಪ ಈ ಪುಟಗಳ ಪ್ರೂಫ್ ನೋಡಿದ್ದರು, ಅವರ ಕಣ್ಣಿಗೂ ಸಿಕ್ಕಿರಲಿಲ್ಲ.

ಇಡೀ ಫೈಲಿನಲ್ಲಿ ಹುಡುಕಿದೆ. 37 ಕಡೆ ಇದೆ. ಹಾಡಿನಲ್ಲಿ ನಿಜವಾಗಿ ಒಂಬತ್ತು ಎಂಬ ಅಂಕಿ ಎಲ್ಲೂ ಇಲ್ಲ, ಅವ್ವ ಎಣಿಕೆಯನ್ನೆಲ್ಲ ಮಾತಿನಲ್ಲೇ ಹೇಳಿದ್ದಳು. ಆದರೂ ಒಮ್ಮೆಗೇ ಬದಲಿಸದೆ ಒಂದೊಂದನ್ನೇ ಓದಿ ತಿದ್ದುತ್ತಿದ್ದೇನೆ. ಹದಿನಾರು ಮುಗಿದಿವೆ. ಉಳಿದ ನಲವತ್ತನಾಲ್ಕು ಪುಟ ಶುಕ್ರವಾರ ಕಳುಹಿಸುತ್ತೇನೆ. ಮತ್ತೆ ಒಂಬತ್ತು ಕೇಳಿಸಿದರೆ ಪುಟದ ಸಂಖ್ಯೆ ಬರೆಯಿರಿ.